ಎತ್ತಿಟ್ಟ ಎಂಜಿನ್

ಬಟ್ಟೆ ಅಂಗಡಿ ಮುರುಗೇಶಪ್ಪ ಮಹಡಿ ಕೋಣೆಯಲ್ಲಿ ಸತ್ತು ಬಿದ್ದಿದ್ದರು. ಕೈಯಲ್ಲಿ ಒದ್ದೆ ಬಟ್ಟೆ. ಬೆರಳು ಸುಟ್ಟು ಕಪ್ಪಾಗಿದ್ದವು. ಪಕ್ಕದ ಮೇಜಿನ ತುಂಬ ಪುಟ್ಟ ರೈಲು ಹಳಿ, ಸುರಂಗ, ಸೇತುವೆ, ಸ್ಟೇಷನ್ನು.

೧೯೭೯ರ ಮಾತು. ಹೊನ್ನಾಳಿಗೆ ರೈಲಿರಲಿಲ್ಲ, ಈ ಮನುಷ್ಯ ಮೇಜಿನ ಮೇಲೇ ತರಿಸಿಕೊಂಡಿದ್ದರು. ದೊಡ್ಡವರಿಗೆ ಇಂಥ ಹುಚ್ಚು ಹಿಡಿದರೆ ನನ್ನಂಥ ದಫೇದಾರನಿಗೆ ತಿಂಡಿ ತಪ್ಪುತ್ತದೆ. ಅವತ್ತೂ ತಪ್ಪಿತು.

ಮೇಜಿನಡಿಯ ಟ್ರಾನ್ಸ್‌ಫಾರ್ಮರ್ ಕರಕಲಾಗಿತ್ತು. ಮನೆಯ ಕರೆಂಟನ್ನು ಟಾರ್ಚ್ ಸೆಲ್ಲಿನ ಮಟ್ಟಕ್ಕೆ ಇಳಿಸಿ ಹಳಿಗೆ ಬಿಡುವ ಪೆಟ್ಟಿಗೆ ಅದು. ಮಾಡಿಕೊಟ್ಟವನು ರೇಡಿಯೊ ರಿಪೇರಿ ಚಾಂದ್. ಅವನ ಕೆಟ್ಟ ಕೆಲಸದಿಂದಲೇ ಸಾವು ಎಂದು ಊರು ತೀರ್ಪು ಕೊಟ್ಟಿತು. ಚಾಂದ್ ನಮ್ಮ ಲಾಕಪ್ಪಿಗೆ ಬಂದ.

ಅವನ ಹೆಂಡತಿ ತಾಜ್‌ಬೀ ಠಾಣೆಯ ಮೆಟ್ಟಿಲು ಬಿಟ್ಟು ಏಳಲಿಲ್ಲ.

"ಜೈಲಿಗೆ ಹೋದವ್ನ ಕೈಗೆ ಆಮೇಲೆ ಯಾರು ರೇಡಿಯೊ ಕೊಡ್ತಾರೆ ಸಾಹೇಬ್ರೆ? ನಾವು ಬದುಕೋದು ಹೆಂಗೆ?"

ಸಬ್‌ಇನ್ಸ್‌ಪೆಕ್ಟರ್ ಯರ್ರಿಸ್ವಾಮಿ ಟೋಪಿ ಎತ್ತಿಕೊಂಡರು.

"ನಡೀರಿ ದಫೇದಾರ್ರೇ. ಆ ಕೋಣೆ ಇನ್ನೊಂದ್ಸಲ ನೋಡೋಣ."

*

ಮುರುಗೇಶಪ್ಪನವರ ಹೆಂಡತಿ ಪ್ರೇಮಮ್ಮ ಗೋಡೆಗೊರಗಿ ಕೂತಿದ್ದರು.

"ದಿನಾ ಏನು ಮಾಡ್ತಿದ್ರಮ್ಮ?"

"ಸ್ನಾನ ಆದ್ಮೇಲೆ ಸ್ವಿಚ್ ಹಾಕೋರು. ಎಂಜಿನ್ ಮುಂದೆ ಮುಂದೆ ಹೋಗೋದು, ಇವ್ರು ಹಿಂದೆ ಹಿಂದೆ ಹಳಿ ಒರೆಸೋರು. ದೇವರ ದೀಪ ಹಚ್ಚಿದಂಗೆ, ಒಂದಿನಾನೂ ತಪ್ಪಿಸ್ತಿರಲಿಲ್ಲ."

"ಅವತ್ತು ಹಳಿ ಮೇಲೆ ಎಂಜಿನ್ ಇರಲಿಲ್ಲವಲ್ಲ?"

"ಅಲ್ಮಾರದಾಗೆ ಐತೆ. ಹಿಂದಿನ ಸಂಜೆ ವಿರೂಪಾಕ್ಷಪ್ಪ ಮೇಷ್ಟ್ರು ಎಣ್ಣೆ ಬಿಟ್ಟು, ಹತ್ತಿಯಾಗೆ ಸುತ್ತಿಟ್ಟು ಹೋದ್ರು."

"ಯಾವಾಗ್ಲೂ ಹಂಗೇ ಇಡ್ತಾರಾ?"

"ಇಲ್ಲಪ್ಪ. ಹಳಿ ಮೇಲೇ ನಿಂತಿರ್ತಿತ್ತು. ಅವತ್ತು ಎಂಜಿನ್ ಇಲ್ದಿದ್ರೂ ಅಭ್ಯಾಸದಂಗೆ ಸ್ವಿಚ್ ಹಾಕಿ ಒರೆಸಾಕೆ ಹೋಗಿದ್ರು."

ವಿರೂಪಾಕ್ಷಪ್ಪ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ತಗಡು, ಹಿತ್ತಾಳೆ ಉಜ್ಜಿ ಆ ಎಂಜಿನ್ ಮಾಡಿದವರು ಅವರೇ.

ಸಾಹೇಬರು ಮೇಜಿನಡಿ ನುಗ್ಗಿದರು. ಬಹಳ ಹೊತ್ತಿನ ಮೇಲೆ ಮೀಸೆಯ ಮೇಲೆ ಬಲೆ ಹೊತ್ತು ಎದ್ದರು.

"ಏನು ಸಿಕ್ತು ಸಾರ್?"

"ಜೇಡ."

ನನಗೆ ಸಿಟ್ಟು ಬಂತು. ಆದರೆ ಸಾಹೇಬರ ಮುಂದೆ ದಫೇದಾರನ ಸಿಟ್ಟು ಯಾವ ಲೆಕ್ಕ.

*

ಮಾರನೆಯ ದಿನ ಎಲ್ಲರನ್ನೂ ಆ ಕೋಣೆಗೇ ಕರೆಸಿದರು. ಪ್ರೇಮಮ್ಮ, ಮೇಷ್ಟ್ರು, ಬೇಡಿ ಹಾಕಿದ ಚಾಂದ್, ತಾಜ್‌ಬೀ.

"ತಪ್ಪು ಚಾಂದ್‌ದೇ," ಎಂದರು ಸಾಹೇಬರು. ತಾಜ್‌ಬೀ ಸೆರಗು ಬಾಯಿಗೆ ಒತ್ತಿಕೊಂಡಳು. "ದಾವಣಗೆರೆಯಿಂದ ಹೊಸ ಟ್ರಾನ್ಸ್‌ಫಾರ್ಮರ್ ತರಿಸೀನಿ. ಸತ್ತವರ ಹೆಸರಲ್ಲಿ ಒಂದು ಸುತ್ತು ರೈಲು ಬಿಟ್ಟು ಕೇಸು ಮುಗಿಸೋಣ."

ಎಂಜಿನ್ನನ್ನು ಹಳಿ ಮೇಲಿಟ್ಟರು. ಸ್ವಿಚ್ಚಿನತ್ತ ಕೈ ಚಾಚಿದರು.

ಮೇಷ್ಟ್ರು ನುಗ್ಗಿ ಎಂಜಿನ್ನನ್ನು ಎತ್ತಿ ಎದೆಗೆ ಅವುಚಿಕೊಂಡರು. "ಬ್ಯಾಡ್ರಿ. ಸುಟ್ಟು ಹೋಗ್ತೈತೆ."

"ಹೊಸ ಟ್ರಾನ್ಸ್‌ಫಾರ್ಮರ್ ಐತಲ್ಲ ಮೇಷ್ಟ್ರೇ. ಹೆಂಗೆ ಸುಡ್ತೈತೆ?"

ಮೇಷ್ಟ್ರ ಕಣ್ಣು ಮೇಜಿನಡಿ ಹೋಗಿ ಬಂತು.

"ಅಲ್ಲಿ ಈಗ ಏನೂ ಇಲ್ಲ. ನಿನ್ನೆಯೇ ಕಿತ್ತೆ," ಎಂದು ಸಾಹೇಬರು ಜೇಬಿನಿಂದ ಎರಡು ತುಂಡು ವೈರು ತೆಗೆದರು. "ಸ್ವಿಚ್ಚಿನಿಂದ ನೇರ ಹಳಿಗೆ ಎಳೆದಿದ್ರಿ. ಮನೆ ಕರೆಂಟು ಪೂರಾ ಹಳಿಗೆ ಬಂತು, ಅದೇ ಕರೆಂಟು ಟ್ರಾನ್ಸ್‌ಫಾರ್ಮರನ್ನೂ ಸುಟ್ಟಿತು. ನೋಡಿದೋರು ಚಾಂದ್ ಮೇಲೆ ಹಾಕಿದ್ರು. ಎಂಜಿನ್ ಹಳಿ ಮೇಲಿದ್ರೆ ಅದೂ ಸುಡ್ತಿತ್ತು. ಅವತ್ತೊಂದೇ ದಿನ ಅದು ಅಲ್ಮಾರ ಸೇರಿತ್ತು. ಸುಡ್ತೈತೆ ಅಂತ ಮೊದ್ಲೇ ಗೊತ್ತಿದ್ದೋರು ಮಾತ್ರ ಹಂಗೆ ಎತ್ತಿಡ್ತಾರೆ."

ಮೇಷ್ಟ್ರು ಎಂಜಿನ್ನನ್ನು ಮೇಜಿನ ಮೇಲಿಟ್ಟರು.

"ನಾಲ್ಕು ವರ್ಷ ಅರ ಹಿಡಿದು ಈ ಎಂಜಿನ್ ಉಜ್ಜಿದೆ ಸಾರ್. ಮೈಸೂರು ವಸ್ತುಪ್ರದರ್ಶನಕ್ಕೆ ಕಳಿಸಾಕೆ ಮುರುಗೇಶಪ್ಪನೋರು ಹೆಸರಿನ ಫಲಕ ಮಾಡಿಸಿದ್ರು. ಅದ್ರಾಗೆ ಅವ್ರ ಹೆಸ್ರೊಂದೇ. ಕೇಳಿದ್ರೆ, 'ನೀವು ನನ್ ಕೈಯಾಳು ಅಲ್ವಾ' ಅಂದ್ರು. ಹೊಟ್ಟೆ ಉರೀತು."

ನಾನು ಚಾಂದ್‌ನ ಬೇಡಿ ಬಿಚ್ಚಿದೆ. ಅವನು ಮಣಿಕಟ್ಟು ಉಜ್ಜಿಕೊಳ್ಳುತ್ತಾ ಮೇಷ್ಟ್ರ ಎದುರು ಬಂದು ನಿಂತ.

"ಮೇಷ್ಟ್ರೇ, ನನ್ ಅಂಗಡಿ ಬೆಂಚಿನ ಮೇಲೆ ಕೂತು ದಿನಾ ಚಾ ಕುಡಿದೋರು ನೀವು. ಈ ಎಂಜಿನ್ ಎತ್ತಿಡೋವಾಗ ನನ್ ನೆನಪು ಬರಲಿಲ್ವಾ?"

ತಾಜ್‌ಬೀ ಗಂಡನ ತೋಳು ಹಿಡಿದು ಮೆಟ್ಟಿಲಿಳಿದಳು.