ಎರಡು ಗಿಡ ಆಚೆ

"ನಿಲ್ಸಿ! ರೀ, ನಿಲ್ಸೀ...!"

ಅವಳು ಕೂಗುವಷ್ಟರಲ್ಲಿ ಎಂಬತ್ತು ಕುರಿಗಳು ಗೇಟು ದಾಟಿ ಒಳನುಗ್ಗಿದ್ದವು. ನಾಲ್ಕು ವರ್ಷ ಮಕ್ಕಳಂತೆ ಸಾಕಿದ ಗಿಡಗಳ ಮೇಲೆ ಎಂಬತ್ತು ಬಾಯಿ ಒಟ್ಟಿಗೆ ಬಿದ್ದವು. ಕರ ಕರ ಕರ... ಆ ಸದ್ದು ಅವಳ ಎದೆಯೊಳಗೇ ಕೇಳಿಸಿತು.

ಚಿಲಕ ಹಿಡಿದು ನಿಂತಿದ್ದ ಕುರಿಯವನು ತಿರುಗಿ ನೋಡಿದ.

"ಯಾಕೆ ಮೇಡಂ? ಕುರಿ ಕರೆಸಿದ್ದು ನೀವೇ ಅಲ್ವಾ?"

"ಹೌದು, ನಾನೇ..."

"ಇವತ್ತೇ ಬಿಡ್ಬೇಕು ಅಂತ ಬರೆದಿದ್ದೂ ನೀವೇ?"

"ಹೌದು. ಆದ್ರೆ..."

"ಹಾಗಾದ್ರೆ ಬಿಡ್ಲೋ, ಹೊಡ್ಕೊಂಡು ಹೋಗ್ಲೋ? ಒಂದು ಹೇಳಿ."

ಅವಳ ಕಣ್ಣು ತುಂಬಿ ಬಂತು. ಛೇ, ಯಾರೋ ಗೊತ್ತಿಲ್ಲದವನ ಮುಂದೆ!

ಅವನು ನಗಲಿಲ್ಲ. "ಅಳ್ಬೇಡಿ ಮೇಡಂ. ಯಾವುದು ಸಾಯುತ್ತೆ, ಯಾವುದು ಉಳಿಯುತ್ತೆ ಅಂತ ನೋಡೋಕೇ ತಾನೇ ಇಷ್ಟೆಲ್ಲ?" ಅಂದ, ಮೆಲ್ಲಗೆ.

ಅವನು ಹೇಳಿದ್ದು ನಿಜ. ಅವಳ ಕೆಲಸವೇ ಅದು. ಕುದುರೆ ಮಸಾಲೆ ಅನ್ನುವ ಮೇವಿನ ಗಿಡ ಒಮ್ಮೆ ಬಿತ್ತಿದರೆ ವರ್ಷಗಟ್ಟಲೆ ಚಿಗುರುತ್ತದೆ. ಕೊಯ್ದು ಹಾಕಿದರೆ ಸರಿ. ದನ ಕುರಿಗಳನ್ನು ನೇರವಾಗಿ ಮೇಯಲು ಬಿಟ್ಟರೆ ಮಾತ್ರ ತುಳಿತಕ್ಕೂ ಕಡಿತಕ್ಕೂ ಎರಡೇ ವರ್ಷದಲ್ಲಿ ಸತ್ತುಹೋಗುತ್ತದೆ. ಎಷ್ಟು ಮೇಯ್ದರೂ ಸಾಯದ ತಳಿಯೊಂದನ್ನು ಹುಟ್ಟಿಸಬೇಕೆಂದು ಅವಳು ಎರಡು ಸಾವಿರ ಗಿಡ ನೆಟ್ಟಿದ್ದಳು. ಅಷ್ಟರಲ್ಲಿ ಹತ್ತೋ ಹನ್ನೆರಡೋ ಗಟ್ಟಿಗಿತ್ತಿಯರು ಸಿಕ್ಕರೆ ಸಾಕು. ಅವನ್ನು ಹೊರಗಿನ ಹುಳು ನುಗ್ಗದ ಒಂದೇ ಬಲೆಮನೆಯಲ್ಲಿಟ್ಟು, ಜೇನುಪೆಟ್ಟಿಗೆ ಬಿಟ್ಟು, ಬೀಜ ಕಟ್ಟಿಸುವುದು.

ಲೆಕ್ಕಾಚಾರವೆಲ್ಲ ಸರಿಯಾಗಿಯೇ ಇತ್ತು. ಅಳು ಯಾಕೆ ಬಂತು? ಅದೂ ಅವನು ಅಷ್ಟು ಮೆಲ್ಲಗೆ ಮಾತಾಡಿದ ಮೇಲೆ ಇನ್ನೂ ಜಾಸ್ತಿ ಯಾಕೆ ಬಂತು?

ಆರು ದಿನ ಮೇಯಿಸುವುದು, ಒಂದು ತಿಂಗಳು ಬಿಡುವುದು, ಮತ್ತೆ ಮೇಯಿಸುವುದು. ಎರಡು ಸರದಿ ಮುಗಿಯುವಷ್ಟರಲ್ಲಿ ಅವನ ಸುದ್ದಿಯಿಲ್ಲದೆ ಅವಳಿಗೆ ದಿನ ಕಳೆಯುತ್ತಿರಲಿಲ್ಲ.

"ಹದಿನೇಳನೇ ಸಾಲಲ್ಲಿ ಒಂದು ಗಿಡ ಇದೆ ಮೇಡಂ. ನಮ್ಮ ಕುರಿಗಳು ಬುಡದವರೆಗೂ ಕಚ್ತವೆ, ವಾರದೊಳಗೆ ಮತ್ತೆ ಎದ್ದು ನಿಲ್ಲುತ್ತೆ. ಭಾರೀ ಹಠಮಾರಿ. ನಿಮ್ಮ ಥರಾನೇ."

ಇದು ಹೊಗಳಿಕೆಯೋ, ಬೈಗುಳವೋ? ಮನೆಗೆ ಹೋಗಿ ತುಂಬು ಬಸುರಿ ಅಕ್ಕನನ್ನು ಕೇಳಿದಳು.

"ನಿನ್ನನ್ನ ಗಿಡ ಅಂದ್ನಾ?" ಅಕ್ಕ ಹೊಟ್ಟೆ ಹಿಡಿದು ನಕ್ಕಳು. "ನಮ್ಮೆಜಮಾನ್ರು ಮೊದಲ ಸಲ ನನ್ನನ್ನ ಗೋಣಿಚೀಲ ಅಂದಿದ್ರು ಕಣೇ. ನಿಂದೇ ವಾಸಿ. ಅದಿರಲಿ, ನಿನಗವನು ಇಷ್ಟಾನಾ?"

"ಗೊತ್ತಿಲ್ಲ ಕಣೇ... ಗಿಡ ನೋಡೋಕೆ ಹೋಗ್ತೀನೋ, ಅವನನ್ನ ನೋಡೋಕೆ ಹೋಗ್ತೀನೋ ನನಗೇ ತಿಳೀತಿಲ್ಲ!"

ಬದುಕುಳಿದವುಗಳಲ್ಲಿ ಹನ್ನೆರಡನ್ನು ಆರಿಸಿ, ಒಂದೊಂದರ ಪಕ್ಕಕ್ಕೂ ಸೊಂಟದೆತ್ತರದ ಕೆಂಪು ಕಡ್ಡಿ ನೆಟ್ಟಳು. ಪುಸ್ತಕದಲ್ಲಿ ಸಾಲಿನ ನಂಬರನ್ನಷ್ಟೇ ಬರೆದುಕೊಂಡಳು. ಸಾಲಿನಲ್ಲಿ ಎಷ್ಟನೇ ಗಿಡ ಅಂತ ಬರೆಯಲಿಲ್ಲ. ಕಡ್ಡಿ ಇದೆಯಲ್ಲ, ಮತ್ತೇನು?

ಅಷ್ಟರಲ್ಲಿ ಅಕ್ಕನಿಗೆ ಹೆರಿಗೆ ನೋವು ಶುರುವಾಯಿತು. ಅವಳು ಒಂದು ವಾರ ರಜೆ ಹಾಕಿ ಆಸ್ಪತ್ರೆಗೆ ಓಡಿದಳು.

ತಿರುಗಿ ಬಂದಾಗ ಹೊಲ ಬೋಳಾಗಿತ್ತು. ಮೂರನೇ ಸರದಿಯೂ ಮುಗಿದಿತ್ತು. ದೂರದಿಂದಲೇ ಹನ್ನೆರಡು ಕಡ್ಡಿ ಎಣಿಸಿ ಉಸಿರುಬಿಟ್ಟಳು. ಕುರಿಯವನು ಪಕ್ಕದ ಹುಲ್ಲಿನಲ್ಲಿ ಮಂದೆ ನಿಲ್ಲಿಸಿಕೊಂಡಿದ್ದ.

"ಚೆನ್ನಾಗಿದೀರಾ?" ಅಂದಳು, ಮುಖ ತುಂಬ ನಗುತ್ತಾ.

"ಹ್ಞೂಂ ಮೇಡಂ. ಒಳ್ಳೇದಾಗ್ಲಿ."

ಅಷ್ಟೇ. ಬೆನ್ನು ತಿರುಗಿಸಿ ಹೋದ!

ಒಳ್ಳೇದಾಗ್ಲಿ? ಏನು ಒಳ್ಳೇದಾಗಬೇಕು? ನಾನೇನು ತಪ್ಪು ಮಾಡಿದೆ? ಏಳು ದಿನದಲ್ಲಿ ಮನುಷ್ಯ ಇಷ್ಟು ಬದಲಾಗುತ್ತಾನಾ? ಅವನನ್ನು ಹಿಡಿದು ಕೇಳೋಣವೆಂದರೆ ಸಂಶೋಧನಾ ಕೇಂದ್ರದ ಸಾಹೇಬರು ವಾರ್ಷಿಕ ವರದಿ ಬರೆಯಿರಿ ಅಂತ ಅವಳನ್ನು ಮೂರು ವಾರ ಕುರ್ಚಿಗೆ ಕಟ್ಟಿಹಾಕಿದರು. ಹೊಲದಲ್ಲಿ ಬೆಳೆಯುವುದನ್ನು ಹೊಲ ನೋಡದೆ ಬರೆಯಬೇಕಂತೆ. ಅಂಥ ದೊಡ್ಡ ಮನುಷ್ಯರು!

ನಾಲ್ಕನೇ ವಾರ, ಆರಿಸಿದ ಗಿಡಗಳನ್ನು ಬೇರುಸಮೇತ ಎತ್ತುವ ದಿನ ಬಂತು. ಮಧ್ಯಾಹ್ನಕ್ಕೆ ಟ್ರಾಕ್ಟರ್ ಬಂದು ಹೊಲ ಪೂರ್ತಿ ಉಳಬೇಕಿತ್ತು. ಕುರಿಗಳೂ ಅಂದೇ ಲಾರಿ ಹತ್ತಿ ಹೊರಡಬೇಕಿತ್ತು.

ಮೊದಲ ಕಡ್ಡಿಯ ಪಕ್ಕ ಸಲಿಕೆ ಹಾಕಿದಳು. ಬೇರು ಟೊಳ್ಳು! ಎರಡನೆಯದರ ಬುಡ ಜಜ್ಜಿ ಹೋಗಿತ್ತು. ಮೂರನೆಯ ಕಡ್ಡಿಯ ಹತ್ತಿರ ಎರಡು ಒಣ ಕಾಂಡ ಬಿಟ್ಟರೆ ಏನೂ ಇರಲಿಲ್ಲ.

ಇಲ್ಲ... ಎರಡು ಸರದಿ ಗೆದ್ದ ಗಿಡಗಳು ಮೂರಕ್ಕೆ ಮೂರೂ ಹೀಗಾಗುವುದುಂಟಾ? ಇವು ನನ್ನ ಗಿಡಗಳಲ್ಲ!

"ಯಾರೋ ಕಡ್ಡಿ ಕಿತ್ತು ಬೇರೆ ಕಡೆ ನೆಟ್ಟಿದಾರೆ ಸಾರ್!"

"ಇನ್ಯಾರು? ಆ ಕುರಿಯವನೇ," ಅಂದರು ಬೇಲಿಯಾಚೆ ನಿಂತಿದ್ದ ಸಾಹೇಬರು, ಫೋನಿನಿಂದ ತಲೆ ಎತ್ತದೆ. ಅವರಿಗೆ ಕುರಿ ಕಾಯುವವನ ಮೇಲೆ ಅಪವಾದ ಹೊರಿಸಲು ಕಾರಣ ಬೇಕಿರಲಿಲ್ಲ.

ಅವಳು ಲಾರಿಯ ಕಡೆ ಓಡಿದಳು.

"ನೀವಾ ಕಡ್ಡಿ ಕಿತ್ತಿದ್ದು?"

"ಹೌದು, ನಾನೇ."

ಅಷ್ಟು ಸಲೀಸಾಗಿ ಒಪ್ಪಿಕೊಂಡನಲ್ಲ!

"ಯಾಕ್ರೀ? ನಾನು ನಿಮಗೇನು ಮಾಡಿದ್ದೆ? ನಾಲ್ಕು ವರ್ಷ! ನಿಮ್ಮನ್ನ ನಂಬಿ... ಥೂ, ನಾನೇ ಪೆದ್ದಿ! ಮನುಷ್ಯತ್ವ ಇದೆಯಾ ನಿಮಗೆ?"

ಲಾರಿಯವನು ಬೀಡಿ ಮರೆತು ನೋಡಿದ. ಕುರಿಯವನ ಮುಖ ಕಪ್ಪಿಟ್ಟಿತು.

"ನಿಮಗೆ ಗೊತ್ತೇ ಇಲ್ವಾ?" ಅಂದ. ಅಷ್ಟರಲ್ಲಿ ಹೊಲದ ತುದಿಯಲ್ಲಿ ಟ್ರಾಕ್ಟರ್ ಗುಡುಗಿತು. "ಆಮೇಲೆ ಬೈಯಿರಂತೆ. ಮೊದಲು ಬನ್ನಿ!"

ಅವನು ಬೇಲಿ ಹಾರಿ ಟ್ರಾಕ್ಟರಿಗೆ ಎದುರಾಗಿಯೇ ಓಡಿ, ಎರಡೂ ಕೈ ಚಾಚಿ ನಿಂತ. ಚಕ್ರ ಮಾರು ದೂರದಲ್ಲಿ ನಿಂತಿತು.

"ಏಯ್, ಸಾಯ್ತೀಯೇನೋ!" ಟ್ರಾಕ್ಟರಿನವನು ಅರಚಿದ.

ಕುರಿಯವನು ಕೇಳಿಸಿಕೊಳ್ಳಲಿಲ್ಲ. ಹದಿನೇಳನೇ ಸಾಲಿನ ಕಡ್ಡಿಯಿಂದ ಎರಡು ಗಿಡ ಆಚೆ ಮಂಡಿಯೂರಿದ. "ಇಲ್ಲಿ ಅಗೀರಿ."

ಅವಳು ಅಗೆದಳು. ಮಣ್ಣಿನೊಳಗೆ ಅಂಗೈಯಗಲದ ಬುಡ, ಹೆಬ್ಬೆರಳು ದಪ್ಪದ ಬೇರು, ಸುತ್ತ ಹತ್ತಿಪ್ಪತ್ತು ಎಳೆ ಮೊಳಕೆ. ಅವಳ ಹಠಮಾರಿ!

"ಕುರಿಗೆ ಮೈ ಕಡಿತ ಮೇಡಂ. ಖಾಲಿ ಹೊಲದಲ್ಲಿ ಒಂದು ಕಡ್ಡಿ ಕಂಡ್ರೆ ಸಾಕು, ಎಂಬತ್ತೂ ಬಂದು ಅದಕ್ಕೇ ಮೈ ಉಜ್ತವೆ. ನೀವು ಕಡ್ಡಿ ನೆಟ್ಟ ಗಿಡಾನೇ ಎಲ್ಲಕ್ಕಿಂತ ಜಾಸ್ತಿ ತುಳೀತಿದ್ವು. ಅದಕ್ಕೇ ಹನ್ನೆರಡನ್ನೂ ಅದೇ ಸಾಲಲ್ಲಿ, ಗೇಟಿನ ಕಡೆಗೆ ಎರಡೆರಡು ಗಿಡ ಆಚೆ ನೆಟ್ಟೆ. ಅವತ್ತೇ ಸಾಹೇಬರಿಗೆ ಹೇಳ್ದೆ. ಆಯ್ತು ಅಂತ ತಲೆಯಾಡಿಸಿದ್ರು."

ಬೇಲಿಯಾಚೆ ಸಾಹೇಬರು ಕೆಮ್ಮಿದರು. "ಹೇಳಿದ್ದ ಅನ್ಸುತ್ತೆ... ನೂರೆಂಟು ಕೆಲಸ ನೋಡಿ."

ಕುರಿಯವನು ಬಾಯಿಬಿಟ್ಟರೆ ಅವರಿಗೆ ಅದು ಮಾತೆಂದೇ ಅನ್ನಿಸುತ್ತಿರಲಿಲ್ಲ!

ಇಬ್ಬರೂ ಹನ್ನೆರಡನ್ನೂ ಎತ್ತಿ ಕುಂಡಗಳಲ್ಲಿಟ್ಟರು. ಒಂದೂ ಸತ್ತಿರಲಿಲ್ಲ. ಅವಳಿಗೆ ತಲೆಯೆತ್ತಲಾಗಲಿಲ್ಲ.

"ನನಗೇ ಬಂದು ಹೇಳ್ಬಹುದಿತ್ತಲ್ಲ..." ಅಂದಳು ಕೊನೆಗೆ.

"ಮದುವೆ ಸಂಭ್ರಮದಲ್ಲಿರೋರಿಗೆ ಯಾಕೆ ತೊಂದ್ರೆ ಅಂತ."

"ಯಾರ ಮದುವೆ?"

"ನಿಮ್ಮದು. ನೀವು ರಜೆ ಹಾಕಿದ್ದು ಮದುವೆ ಮಾತುಕತೆಗೆ ಅಂತ ಸಾಹೇಬರೇ ಹೇಳಿದ್ರು."

"ಅಯ್ಯೋ ದೇವ್ರೇ! ನಮ್ಮಕ್ಕನ ಹೆರಿಗೆ ಕಣ್ರೀ! ಹೆಣ್ಣು ಮಗು! ಅರ್ಜೀಲೇ ಬರೆದಿದ್ದೆ!"

ಅವನು ಕೂತಲ್ಲೇ ಕೂತ. ಕೈಯಲ್ಲಿದ್ದ ಕುಂಡ ನೆಲಕ್ಕಿಟ್ಟ. ಮತ್ತೆ ಎತ್ತಿಕೊಂಡ. ಏನು ಮಾಡಬೇಕೆಂದೇ ಅವನಿಗೆ ಹೊಳೆಯದಂತಾಗಿತ್ತು.

ಅದನ್ನು ನೋಡುತ್ತ ಅವಳ ತಲೆಯೊಳಗಿನ ಗೋಜಲು ತಾನಾಗಿಯೇ ಬಿಡಿಸಿಕೊಂಡಿತು.

"ಒಂದು ಮಾತು ಹೇಳ್ಲಾ? ಬೆಳಿಗ್ಗೆ ಗಿಡ ಹಾಳಾಯ್ತು ಅಂದಾಗ ಹೊಟ್ಟೆ ಉರೀತು. ಅದನ್ನ ಮಾಡಿದ್ದು ನೀವು ಅಂದಾಗ... ಉಸಿರೇ ನಿಂತಿತು. ಆಗ ಗೊತ್ತಾಯ್ತು ನನಗೆ. ನೀವು ಇಷ್ಟ. ತುಂಬಾ."

"ಮೂರು ವಾರದಿಂದ ನಂಗೆ ಊಟ ಸೇರಿಲ್ಲ ಮೇಡಂ," ಅಂದ ಅವನು. ಅವನಿಗೆ ಬರುತ್ತಿದ್ದ ಪ್ರೇಮದ ಭಾಷೆ ಅಷ್ಟೇ.

ಲಾರಿ ಎರಡು ಸಲ ಹಾರನ್ ಹೊಡೆಯಿತು.

"ಹೋಗ್ಲೇಬೇಕಾ?"

"ಕುರಿ ತಲುಪಿಸಿ ಭಾನುವಾರ ಬರ್ತೀನಿ. ಒಬ್ಬನೇ."

"ಸೀದಾ ಮನೆಗೇ ಬನ್ನಿ. ಅಕ್ಕ ಪ್ರಶ್ನೆ ಕೇಳಿ ಕೇಳಿ ನಿಮ್ಮ ಪ್ರಾಣ ತಿಂತಾಳೆ."

"ತಿನ್ಲಿ ಬಿಡಿ. ನಿಮ್ಮ ಕೈಲಿ ಬೈಸ್ಕೊಂಡೂ ಬದುಕಿದೀನಲ್ಲ."

"ಅಷ್ಟೊಂದು ಬೈದ್ನಾ ನಾನು?"

"ಇನ್ನೂ ಸ್ವಲ್ಪ ಬೈಯಿರಿ," ಅಂದ ಅವನು, ಅವಳ ಕೈಯ ಮಣ್ಣನ್ನು ತನ್ನ ಬೆರಳಿಂದ ಒರೆಸುತ್ತಾ. "ಭಾನುವಾರದವರೆಗೂ ಸಾಕಾಗ್ಬೇಕಲ್ಲ."