ತುಟಿಯ ಹಿಂದೆ ಹೋದವಳು

"ಕಾಗದ ನೋಡ್ಕೊಂಡು ಓದು ಮಗಳೇ. ತೆರೆ ಮೇಲಿರೋಳ ತುಟಿ ನೋಡ್ಕೊಂಡು ಮಾತ್ರ ಓದ್ಬೇಡ," ಎಂದಳು ಜಡೆಯಮ್ಮ.

ಗಿಳಿಗೆ ನಗು ತಡೆಯಲಾಗಲಿಲ್ಲ. ಸಿನಿಮಾಕ್ಕೆ ದನಿ ಕೊಡುವವಳಿಗೆ ತುಟಿ ನೋಡಬೇಡ ಅನ್ನುವುದೂ ಒಂದೇ, ಈಜುವವನಿಗೆ ನೀರು ಮುಟ್ಟಬೇಡ ಅನ್ನುವುದೂ ಒಂದೇ. ತೆರೆಯ ಮೇಲಿನ ತುಟಿಗೂ ತನ್ನ ಮಾತಿಗೂ ಕೂದಲೆಳೆಯಷ್ಟು ಸಂದು ಬಿಡದವಳು ಅಂತಲೇ ಅವಳನ್ನು ಕೆಲಸಕ್ಕೆ ಕರೆಯುತ್ತಿದ್ದರು. ಯಾರ ದನಿಯನ್ನಾದರೂ ಇದ್ದ ಹಾಗೇ ಎತ್ತಿಕೊಳ್ಳುತ್ತಾಳೆಂದು ಗಿಳಿ ಅನ್ನುವ ಹೆಸರೂ ಬಿದ್ದಿತ್ತು.

"ನೋಡಿದ್ರೆ ಏನಾಗುತ್ತೆ ಅಜ್ಜಿ? ಕಚ್ತಾಳಾ?"

"ಕಚ್ಚಿದ್ರೆ ಔಷಧಿಯಾದ್ರೂ ಇರೋದು."

ಜಡೆಯಮ್ಮ ಈ ಸ್ಟುಡಿಯೋದ ದೊಡ್ಡ ನಟಿಗೆ ತಲೆ ಬಾಚಿದವಳು. ನಟಿ ಸತ್ತು ಬಹಳ ಕಾಲವಾಗಿದ್ದರೂ ಹಿಂದಿನ ಕೋಣೆ ಬಿಟ್ಟು ಹೋಗಿರಲಿಲ್ಲ. ಬಂದವರಿಗೆ ಚಹಾ ಕಾಸಿಕೊಡುವಳು, ಕತೆಯನ್ನು ಪುಕ್ಕಟೆ ಹೇಳುವಳು. ಆ ನಟಿ ನಾಟಕದ ಕಂಪನಿಯಿಂದ ಬಂದ ಹುಡುಗಿಯಂತೆ. ಸಿನಿಮಾಗಳು ಆಗತಾನೇ ಮಾತು ಕಲಿತಿದ್ದ ಕಾಲ. ಅವಳ ದನಿಗೆ ಊರೂರೇ ಮರುಳಾಯಿತಂತೆ. ಹೆಸರು, ಕಾರು, ಗೋಡೆಗೋಡೆಯ ಮೇಲೆ ಅವಳದೇ ಮುಖ. ಅಂಥ ಹೊತ್ತಿನಲ್ಲಿ, ಪಿಟೀಲು ನುಡಿಸುವವನನ್ನು ಮದುವೆಯಾಗಿ ಹೊರಟುಬಿಡುತ್ತೇನೆ ಎಂದಳಂತೆ.

"ಸ್ಟುಡಿಯೋ ಧಣಿ ಬೇಡ ಅನ್ಲಿಲ್ಲ. ನಕ್ಕ. ಮಾಟಗಾರನನ್ನ ಕರೆಸಿ ಅವಳ ಬಾಯಿ ಕಟ್ಟಿಸಿದ. ಅವತ್ತಿಂದ ಯಾರೋ ಬರೆದುಕೊಟ್ಟ ಡೈಲಾಗು ಬಿಟ್ಟು ಬೇರೆ ಮಾತು ಅವಳ ಬಾಯಿಂದ ಬರ್ಲಿಲ್ಲ. ಪಿಟೀಲಿನವನು ಬಾಗಿಲಿಗೆ ಬಂದು ಹೋಗೋಣ ಬಾ ಅಂದ. ಕಣ್ಣಲ್ಲಿ ದಳದಳ ನೀರು, ಬಾಯಲ್ಲಿ ಮಾತ್ರ 'ಯಾರಯ್ಯಾ ನೀನು, ನನ್ನರಮನೆಯಲ್ಲಿ ನಿನಗೇನು ಕೆಲಸ' ಅಂತ. ತಮಾಷೆ ಅಂದ್ಕೊಂಡ. ಮತ್ತೆ ಕರೆದ. ಮತ್ತೂ ಅದೇ. ಆಮೇಲೆ ನಗ್ಲಿಲ್ಲ, ಹೊರಟೋದ."

"ಬರೆದು ತೋರಿಸ್ಬಹುದಿತ್ತಲ್ಲ?"

"ಕೈಯೂ ಅದನ್ನೇ ಬರೀತಿತ್ತು. ಸಾಯೋವಾಗ ಡಾಕ್ಟ್ರು ಎಲ್ಲಮ್ಮಾ ನೋವು ಅಂದ್ರೆ, 'ತೋಟದಲ್ಲಿ ಎಷ್ಟು ಹೂವರಳಿದೆ ನೋಡು ಸಖಿ' ಅಂದ್ಲು. ನರ್ಸು ಸೆರಗು ಅಡ್ಡ ಹಿಡಿದು ನಕ್ಕಳು. ತುಟಿಯೊಂದೇ ಅವಳದ್ದಾಗಿ ಉಳಿದಿದ್ದು. ನೀನು ಇವತ್ತು ದನಿ ಕೊಡೋ ಅವಳ ಈ ಹಳೇ ಸಿನಿಮಾದಲ್ಲಿ ಒಂದು ಕಡೆ, ದನಿಯಿಲ್ದೆ, ತನ್ನದೇ ಏನೋ ಆಡಿದ್ದಾಳೆ. ಅದಕ್ಕೆ ದನಿ ಕೊಡಬಾರ್ದು ತಾಯಿ."

"ಕತೆ ಚೆನ್ನಾಗಿದೆ ಅಜ್ಜಿ. ಚಹಾಕ್ಕೆ ಸಕ್ಕರೆ ಕಮ್ಮಿ," ಎಂದು ಗಿಳಿ ಎದ್ದಳು.

ಅವಳ ತಲೆಯಲ್ಲಿ ಇದ್ದದ್ದು ನಾಳಿನ ಕೋರ್ಟು. ಮಗಳು ತನಗೇ ಬೇಕೆಂದು ಗಂಡ ಪಟ್ಟು ಹಿಡಿದಿದ್ದ. "ನ್ಯಾಯಾಧೀಶರು ನಿಮ್ಮನ್ನೇ ಕೇಳ್ತಾರೆ. ನೀವೇ ಬಾಯಿಬಿಟ್ಟು ಹೇಳ್ಬೇಕು ನೋಡಿ," ಎಂದಿದ್ದರು ವಕೀಲರು. ಮಾತಿನಲ್ಲಿ ನನ್ನ ಸೋಲಿಸುವವರು ಇನ್ನೂ ಹುಟ್ಟಬೇಕು ಎಂದುಕೊಂಡೇ ಗಿಳಿ ಒಳಗೆ ಹೋದಳು.

ಕಿಟಕಿಯಿಲ್ಲದ ಕೋಣೆ. ಹೊರಗೆ ಹಾಡುಹಗಲು, ಒಳಗೆ ಮಸಿ ಬಳಿದಂಥ ಕತ್ತಲು. ಹಳೆಯ ಫಿಲ್ಮಿನ ಹುಳಿ ವಾಸನೆ ಗಂಟಲಿಗೆ ಅಂಟುತ್ತಿತ್ತು. ಗೋಡೆಯ ದಪ್ಪ ಹೊದಿಕೆ ಉಸಿರಿನ ಸದ್ದನ್ನೂ ನುಂಗುತ್ತಿತ್ತು. ಗಾಜಿನಾಚೆ ಸೌಂಡ್ ಎಂಜಿನಿಯರ್ ಕೈಯೆತ್ತಿದ. ಕೆಂಪು ದೀಪ ಹೊತ್ತಿತು. ಬಾಗಿಲಿನ ಚಿಲಕ ಹೊರಗಿನಿಂದ ಬಿತ್ತು. ಯಾರೂ ನಡುವೆ ನುಗ್ಗಬಾರದೆಂದು ಅಲ್ಲಿನ ಪದ್ಧತಿ.

ಹಳೆಯ ದನಿ ಪೂರ್ತಿ ಹಾಳಾಗಿದ್ದ ಚಿತ್ರ. ಫಿಲ್ಮಿನ ಒಂದೊಂದು ತುಂಡನ್ನೂ ತುದಿಗೆ ತುದಿ ಅಂಟಿಸಿ ಗಾಣದೆತ್ತಿನ ಹಾಗೆ ಸುತ್ತಿಸುತ್ತಿದ್ದರು, ಮಾತು ತುಟಿಗೆ ಕೂಡುವವರೆಗೆ. ಗಿಳಿ ಒಂದಾದ ಮೇಲೊಂದು ಮುಗಿಸಿದಳು. ಕೊನೆಗೆ ಆ ತುಂಡು ಬಂತು. ತೆರೆಯ ತುಂಬ ನಟಿಯ ಮುಖ. ಕಾಗದದಲ್ಲಿ ಇದ್ದದ್ದು, 'ಬಾಳೆಲ್ಲ ಈ ಮಾತು ಮರೆಯಬೇಡಿ ಪ್ರಭು.'

ಕೂಡಲಿಲ್ಲ. ಬ, ಮ, ಪ ಅನ್ನಬೇಕಾದರೆ ತುಟಿಗೆ ತುಟಿ ಸೇರಲೇಬೇಕು. ಇವಳ ತುಟಿ ಒಮ್ಮೆಯೂ ಸೇರುತ್ತಿರಲಿಲ್ಲ.

"ಇರ್ಲಿ ಬಿಡಿ ಮೇಡಂ, ಯಾರ್ ನೋಡ್ತಾರೆ," ಎಂದ ಎಂಜಿನಿಯರ್.

"ನಾನ್ ನೋಡ್ತೀನಲ್ಲ."

ಕಾಗದ ಮಗುಚಿಟ್ಟಳು. ಮುಖ ಮತ್ತೆ ಬಂತು. ಮತ್ತೆ ಬಂತು. ನಾಲಿಗೆ ಹಲ್ಲಿನ ಹಿಂದೆ. ಒಂದು ಕಡೆ ಮಾತ್ರ ತುಟಿ ದುಂಡಗೆ. ಆಮೇಲೆ ಅಗಲ. ಗಿಳಿಯ ತುಟಿ ತಾನಾಗಿ ಅದರ ಹಿಂದೆ ಹೋಯಿತು. ಸಿಕ್ಕಿತು. ಸಿಕ್ಕ ಖುಷಿಯಲ್ಲಿ, ಅರ್ಥ ತಲೆಗೆ ಹತ್ತುವ ಮೊದಲೇ, ಅಂದುಬಿಟ್ಟಳು.

"ನಿನ್ನ ಕಟ್ಟು ನನಗಿರಲಿ."

ಕೂಡಿತು. ಕೂದಲೆಳೆಯ ಸಂದೂ ಇಲ್ಲದೆ.

ತೆರೆಯ ಮೇಲಿನ ಮುಖ ಮತ್ತೆ ಮತ್ತೆ ಸುತ್ತಿ ಬರುವುದು ನಿಂತಿತು. ಯಂತ್ರ ತಿರುಗುತ್ತಲೇ ಇತ್ತು. ನಟಿ ನಿಧಾನವಾಗಿ ಉಸಿರುಬಿಟ್ಟಳು. ಗಿಳಿಯ ಕೆನ್ನೆಗೆ ಬೆಚ್ಚಗೆ ತಾಕಿತು. ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನಿನಲ್ಲಿ ಒಂದು ಹೆಣ್ಣುದನಿ, ಬಹಳ ದಿನ ಆಡದೆ ತುಕ್ಕು ಹಿಡಿದ ದನಿ, "ಬರ್ತೀನಮ್ಮಾ" ಎಂದಿತು. ತೆರೆ ಖಾಲಿಯಾಯಿತು.

ನಿಲ್ಲಿಸಿ, ಎನ್ನಲು ಗಿಳಿ ಬಾಯಿ ತೆರೆದಳು.

"ಮುರಳಿಯ ದನಿ ಕೇಳಿದೆಯಾ ಗೆಳತಿ?" ಎಂದಿತು ಬಾಯಿ.

ಗಾಜಿನಾಚೆ ಎಂಜಿನಿಯರ್ ತಲೆದೂಗಿದ. ಅವಳು ಗಾಜಿಗೆ ಗುದ್ದಿದಳು. ಬಾಗಿಲು ತೆಗಿ, ಎಂದು ಕಿರುಚಿದಳು. "ಬೆಳದಿಂಗಳೇ, ನನ್ನವನಿಗೆ ಹೇಳು," ಎಂದಿತು ಬಾಯಿ. ಗಂಟಲು ಹಿಸುಕಿಕೊಂಡಳು, ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದಲೂ ಬಂತು. ಸಿಹಿಯಾಗಿ ಬಂತು. ಉಸಿರಿಲ್ಲ. ಬೆಳಕಿಲ್ಲ. ಒಳಗೆ ತನ್ನ ಮಾತುಗಳೆಲ್ಲ ಮುಚ್ಚಿದ ಬಾಗಿಲಿಗೆ ಜನ ನುಗ್ಗಿದ ಹಾಗೆ ನುಗ್ಗುತ್ತಿದ್ದವು. ಒಂದೂ ಹೊರಗೆ ಬರಲಿಲ್ಲ.

"ಅದ್ಭುತ ಮೇಡಂ. ಹೀಗೇ ಇರ್ಲಿ, ಇನ್ನೊಂದ್ಸಲ," ಎಂದ ಎಂಜಿನಿಯರ್.

ಮರುದಿನ ಕೋರ್ಟಿನಲ್ಲಿ ಗಿಳಿ ತುಟಿ ಕಚ್ಚಿಕೊಂಡು ನಿಂತಿದ್ದಳು. ಕಚ್ಚಿ ಕಚ್ಚಿ ಬಾಯೆಲ್ಲ ರಕ್ತದಿಂದ ಉಪ್ಪುಪ್ಪಾಗಿತ್ತು. ಮುಂದಿನ ಬೆಂಚಿನಲ್ಲಿ ಮಗಳು, ಎರಡು ಜಡೆ, ಕಾಲು ನೆಲಕ್ಕೆ ಎಟುಕದೆ ಕೂತಿದ್ದಳು. ರಾತ್ರಿಯಿಂದ ಅಮ್ಮ ಮಾತಾಡದ್ದಕ್ಕೆ ಮುನಿಸು ಬೇರೆ.

"ಹೇಳಿ ತಾಯಿ," ಎಂದರು ನ್ಯಾಯಾಧೀಶರು, ಮೆತ್ತಗೆ. "ಮಗು ನಿಮ್ಮ ಹತ್ರ ಇರ್ಬೇಕು ಅಂತೀರಾ?"

ಹೂಂ ಅಂದರೆ ಸಾಕಿತ್ತು. ತಲೆಯಾಡಿಸಿದರೂ ಸಾಕಿತ್ತು. ಕುತ್ತಿಗೆ ತಾನಾಗಿ ಒಂದು ಕಡೆಗೆ ವಾಲಿತು, ಹಳೆಯ ಚಿತ್ರಗಳಲ್ಲಿ ವಾಲುವ ಹಾಗೆ. ಕೈ ಎದೆಯ ಮೇಲೆ ಬಂದು ಕೂತಿತು. ಬಾಯಿ ತೆರೆಯಿತು.

"ಕರೆದುಕೊಂಡು ಹೋಗಿ. ಹೆತ್ತ ಮಾತ್ರಕ್ಕೆ ನಾನು ತಾಯಿಯೇ?"

ಮಗಳು ಬೆಂಚಿನಿಂದಿಳಿದು, ಯಾರ ಕಡೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಳು.

ನ್ಯಾಯಾಧೀಶರು ಕನ್ನಡಕ ತೆಗೆದರು. ಯೋಚನೆ ಮಾಡಿ ಹೇಳಮ್ಮಾ ಎಂದು ಇನ್ನೊಮ್ಮೆ ಕೇಳಿದರು.

ಗಿಳಿ ಇನ್ನೊಮ್ಮೆ ಹೇಳಿದಳು. ಮೊದಲಿನದಕ್ಕಿಂತ ಚೆನ್ನಾಗಿ ಬಂತು.