ಹಳೇ ವ್ಯಾನಿಗೊಂದು ಆರ್‌ಪಿಎಂ ಮೀಟರ್

ಹಸಿರು ಬಣ್ಣದ ಹಳೇ ವ್ಯಾನು ಬಂದು ಗ್ಯಾರೇಜಿನ ಬಾಗಿಲಿಗೇ ಅಡ್ಡ ನಿಂತಿತು. ಅವನು ಒಂದು ಕಾರಿನ ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡಿದ್ದವನು ಅಲ್ಲಿಂದಲೇ, ಸ್ವಲ್ಪ ಹಿಂದಕ್ಕೆ ತಗೊಳ್ಳಿ ಮೇಡಂ ಎಂದು ಕೂಗಿದ. ವ್ಯಾನು ಅಲ್ಲಾಡಲಿಲ್ಲ. ಇನ್ನೊಮ್ಮೆ ಕೂಗಿದ. ಸ್ಟೇರಿಂಗಿನ ಹಿಂದೆ ಕೂತವಳು ನಿಧಾನವಾಗಿ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡಳು, ಇಳಿದಳು, ಹಿಂದಿನ ಬಾಗಿಲು ತೆಗೆದು ಗಿಡದ ಕುಂಡಗಳ ನಡುವಿನಿಂದ ಒಂದು ರಟ್ಟಿನ ಡಬ್ಬ ಎತ್ತಿಕೊಂಡಳು. ಇವನ ಕಡೆ ತಿರುಗಿ ಕೂಡ ನೋಡಲಿಲ್ಲ.

ಜಂಭಕ್ಕೂ ಒಂದು ಮಿತಿ ಬೇಡವೇ, ಎಂದುಕೊಂಡ.

ಅವನು ವಾಹನಗಳ ವೈರಿಂಗ್ ಕೆಲಸದವನು. ಬೀದಿಗೆಲ್ಲ ಅವನು ‘ಫ್ಯೂಸ್’. ಬೇಗ ಹಾರುತ್ತಾನೆ, ಅಷ್ಟೇ ಬೇಗ ಸರಿಹೋಗುತ್ತಾನೆ ಎಂದು ಅಕ್ಕ ಇಟ್ಟ ಹೆಸರು. ಅಕ್ಕ ಗ್ಯಾರೇಜಿನ ಮುಂಭಾಗದಲ್ಲೇ ಬಿಡಿಭಾಗಗಳ ಅಂಗಡಿ ನಡೆಸುತ್ತಿದ್ದಳು. ಕೌಂಟರಿನಲ್ಲಿ ಕೂತೇ ತಮ್ಮನ ಗ್ಯಾರೇಜನ್ನೂ ತಮ್ಮನನ್ನೂ ಒಂದೇ ಕಣ್ಣಿನಲ್ಲಿ ಕಾಯುವುದು ಅವಳಿಗೆ ಅಭ್ಯಾಸ.

ಬಂದವಳು ಡಬ್ಬ ಬಿಚ್ಚಿ ಅವನ ಮುಂದೆ ಹಿಡಿದಳು. ಕಪ್ಪು ಮುಖ, ಕೆಂಪು ಮುಳ್ಳು, ಅಂಗೈಯಗಲದ ಹೊಸ ಆರ್‌ಪಿಎಂ ಮೀಟರ್.

“ಇದನ್ನ ನನ್ನ ವ್ಯಾನಿಗೆ ಹಾಕಿಕೊಡ್ತೀರಾ?”

ಅವನು ಮೀಟರನ್ನು ನೋಡಿದ, ವ್ಯಾನನ್ನು ನೋಡಿದ. ಅದು ರಸ್ತೆಗೆ ಇಳಿದಾಗ ಅವನಿಗಿನ್ನೂ ಮೀಸೆ ಬಂದಿರಲಿಲ್ಲ. “ರೇಸಿಗೆ ಹೊರಟಿದ್ದೀರಾ?”

ಅವಳು ಅವನ ತುಟಿಗಳನ್ನೇ ನೋಡುತ್ತಿದ್ದಳು. ಕಣ್ಣು ಮಿಟುಕಿಸದೆ, ಅಲ್ಲೇನೋ ಬರೆದಿದ್ದಾರೆ ಎಂಬಂತೆ. ಮಾತು ಮುಗಿದು ಒಂದು ಗಳಿಗೆ ಕಳೆದ ಮೇಲೆ ಅವಳ ಮುಖದಲ್ಲಿ ನಗು ಹರಡಿತು. “ಹೂಂ. ಗುಲಾಬಿ ಗಿಡಗಳ ರೇಸು.”

ಅವನ ಕೋಪ ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. ತನ್ನ ಮುಖದಲ್ಲಿ ತುಟಿ ಅನ್ನುವುದೊಂದು ಇದೆ, ಅದನ್ನು ಯಾರಾದರೂ ಹೀಗೆ ನೋಡಬಹುದು ಎಂಬುದು ಅದುವರೆಗೆ ಅವನಿಗೆ ಹೊಳೆದೇ ಇರಲಿಲ್ಲ.

ಹೊಳೆಯದಿದ್ದದ್ದು ಇನ್ನೊಂದು. ಇವಳಿಗೆ ಈ ಮೀಟರು ಯಾಕೆ? ತಾನೇ ಹೇಳಿದ ಹಾಗೆ, ಚಿಕ್ಕಮ್ಮನ ನರ್ಸರಿಯಿಂದ ಮನೆಮನೆಗೆ ಗಿಡ ತಲುಪಿಸುವವಳು. ಇಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತಿದೆ ಎಂಬ ಲೆಕ್ಕ ಕಟ್ಟಿಕೊಂಡು ಏನು ಮಾಡುತ್ತಾಳೆ? ಬಿಡದ ಪ್ರಶ್ನೆಯನ್ನು ಬಿಡುವವನಲ್ಲ ಅವನು. ಈ ಗಾಡಿ ಓಡಿಸುವವರಿಗೆ ಮೀಟರು ಬೇಕಿಲ್ಲ, ಇಂಜಿನ್ನು ನರಳಿದರೆ ಗೇರು ಇಳಿಸಬೇಕು, ಅರಚಿದರೆ ಏರಿಸಬೇಕು ಅಷ್ಟೇ ಎಂದು ವಿವರಿಸಿದ.

“ಕಿವಿ ಇದ್ರೆ ಸಾಕು ರೀ.”

ಅವಳ ನಗು ಆರಿತು. “ಹಾಕೋಕೆ ಆಗುತ್ತೋ ಇಲ್ವೋ?”

“ಆಗುತ್ತೆ” ಎಂದ ಗಾಬರಿಯಿಂದ.

ಆ ವ್ಯಾನಿನಲ್ಲಿ ಇಂಜಿನ್ನು ಇರುವುದು ಡ್ರೈವರ್ ಸೀಟಿನ ಕೆಳಗೆ. ಅವನು ಸೀಟು ಎತ್ತಿ ಒಳಗೆ ಬಗ್ಗಿದ. ಅವಳು ಆಚೆ ಬದಿಯಲ್ಲಿ ಟಾರ್ಚ್ ಹಿಡಿದು ನಿಂತಳು. ಯಾವ ವೈರು ಎಲ್ಲಿಗೆ ಎಂದು ಒಂದೊಂದನ್ನೂ ಕೇಳಿದಳು. ಪ್ರತಿ ಸಲವೂ ಅವನು ತಲೆ ಎತ್ತಿ ಹೇಳುವವರೆಗೆ ಕಾದಳು. ಕೆಂಪು ವೈರು ಕೀಲಿ ತಿರುಗಿಸಿದಾಗ ಕರೆಂಟು ಬರುವ ಜಾಗಕ್ಕೆ, ಕಪ್ಪು ಗಾಡಿಯ ಮೈಗೆ, ಬಿಳಿ ದೀಪಕ್ಕೆ. ಹಸಿರೇ ಮುಖ್ಯವಾದದ್ದು. ಅದು ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲಿಗೆ. ಒಂದೊಂದು ಕಿಡಿಗೂ ಅಲ್ಲೊಂದು ಮಿಡಿತ, ಮೀಟರು ಎಣಿಸುವುದು ಆ ಮಿಡಿತವನ್ನು.

“ಅಂದ್ರೆ ಇಂಜಿನ್ನಿನ ನಾಡಿ ಹಿಡಿದು ನೋಡೋದು” ಎಂದಳು.

ಇಪ್ಪತ್ತು ಜನಕ್ಕೆ ಈ ಕೆಲಸ ವಿವರಿಸಿದ್ದ ಅವನಿಗೆ ಒಬ್ಬರೂ ಇಷ್ಟು ಚೆನ್ನಾಗಿ ತಿರುಗಿ ಹೇಳಿರಲಿಲ್ಲ. ಕೆಲಸ ಅಂದೇ ಮುಗಿಯುತ್ತಿತ್ತು. ಆದರೆ ಅವನು ಗಂಭೀರವಾಗಿ ಗದ್ದ ಕೆರೆದುಕೊಂಡು, ಮೀಟರು ಕೂರಿಸಲು ಒಂದು ಕ್ಲ್ಯಾಂಪು ಮಾಡಿಸಬೇಕು, ನಾಳೆ ಬನ್ನಿ ಎಂದ. ಡಬ್ಬದಲ್ಲೇ ಇದ್ದ ಕ್ಲ್ಯಾಂಪನ್ನು ಅಕ್ಕ ಕೌಂಟರಿನಿಂದ ನೋಡಿದಳು. ತಮ್ಮನನ್ನೂ ನೋಡಿದಳು. ಏನೂ ಅನ್ನಲಿಲ್ಲ. ಮರುದಿನ ಅವನು ಗಡ್ಡ ಬೋಳಿಸಿ ಇಸ್ತ್ರಿ ಅಂಗಿ ಹಾಕಿ ಬಂದಾಗ ಮಾತ್ರ, ಇವತ್ತು ಯಾರದಾದರೂ ಮದುವೆಯೇ ಎಂದು ವಿಚಾರಿಸಿದಳು.

ಮೀಟರು ಸ್ಟೇರಿಂಗಿನ ಪಕ್ಕದಲ್ಲಿ ಅಂದವಾಗಿ ಕೂತಿತು. ಅವಳು ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದಳು. ಕೆಂಪು ಮುಳ್ಳು ನಡುಗಿ ಎದ್ದು ನಿಂತಿತು. ಅವಳು ಮಗುವಿನಂತೆ ಅದನ್ನೇ ನೋಡಿದಳು. ಅವನು ಅವಳನ್ನೇ ನೋಡಿದ. ಎರಡು ಸಾವಿರಕ್ಕೆ ಏರಿಸಿ ಅಲ್ಲೇ ಹಿಡಿದುಕೊಳ್ಳಿ ಎಂದು ಎರಡು ಬೆರಳು ತೋರಿಸಿ, ವೈರುಗಳನ್ನು ಪರೀಕ್ಷಿಸಲು ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿದ.

ಇಂಜಿನ್ನು ಎದ್ದಿತು. ಏರಿತು. ಇನ್ನೂ ಏರಿತು. ಟ್ರೇಯಲ್ಲಿದ್ದ ಸ್ಪ್ಯಾನರುಗಳು ಗಲಗಲ ನಡುಗಿದವು. ಎದುರಿನ ಟೈಲರ್ ಟೇಪು ಕೊರಳಲ್ಲಿ ಹಾಕಿಕೊಂಡೇ ಹೊರಗೆ ಬಂದ. ಅಕ್ಕ ಎರಡೂ ಕಿವಿ ಮುಚ್ಚಿಕೊಂಡಳು. ಇಂಜಿನ್ನು ಸಿಡಿದೇ ಹೋಗುತ್ತದೆ ಎಂದು ಅವನು ತಲೆ ಎತ್ತಿದಾಗ ಅವಳು ನೆಟ್ಟಗೆ ಕೂತಿದ್ದಳು, ಮುಳ್ಳಿನ ಮೇಲೆ ಕಣ್ಣಿಟ್ಟು, ಕೊಳದ ಮುಂದೆ ಕೂತವಳಷ್ಟು ನೆಮ್ಮದಿಯಿಂದ.

“ಎರಡು ಸಾವಿರ ಆಯ್ತು. ಸಾಕಾ?”

ಅವನು ಕೈ ಚಾಚಿ ಕೀಲಿ ತಿರುಗಿಸಿದ. ಸದ್ದು ಸತ್ತಿತು. ಆ ಮೌನದಲ್ಲಿ ಅವನಿಗೆ ಎರಡು ವಿಷಯ ಒಟ್ಟಿಗೆ ಅರ್ಥವಾದವು. ಮೀಟರಿನ ಬೆನ್ನಿನಲ್ಲಿ ಇಂಜಿನ್ನಿಗೆ ಎಷ್ಟು ಸಿಲಿಂಡರು ಎಂದು ತಿಳಿಸುವ ಪುಟ್ಟ ಸ್ವಿಚ್ಚು ಇರುತ್ತದೆ. ಅದು ಎಂಟರಲ್ಲಿತ್ತು, ವ್ಯಾನಿಗೆ ಇರುವುದು ನಾಲ್ಕು. ಮುಳ್ಳು ಅರ್ಧವನ್ನಷ್ಟೇ ತೋರಿಸಿತ್ತು. ಇಂಜಿನ್ನು ನಾಲ್ಕು ಸಾವಿರದಲ್ಲಿ ಅರಚಿತ್ತು. ಅದು ಮೊದಲನೆಯದು. ಎರಡನೆಯದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅವಳು ಟೈಲರನ ಮುಖ, ಕಿವಿಯ ಮೇಲಿದ್ದ ಅಕ್ಕನ ಕೈಗಳನ್ನು ನೋಡಿದ್ದಳು. ಇಳಿದು ಹೋಗಿ ವ್ಯಾನಿನ ಹಿಂದೆ ನಿಂತಳು.

ಅವನು ಹಿಂದೆಯೇ ಹೋದ. ಬೆನ್ನ ಹಿಂದೆ ನಿಲ್ಲದೆ ಸುತ್ತಿಬಂದು ಅವಳೆದುರಿಗೆ, ತನ್ನ ಮುಖಕ್ಕೆ ಬೆಳಕು ಬೀಳುವ ಕಡೆ ನಿಂತ.

“ತಪ್ಪು ನನ್ನದು, ಸ್ವಿಚ್ಚು ನೋಡಿರಲಿಲ್ಲ” ಎಂದ. ಆಮೇಲೆ ಕೇಳಿದ, “ಎಷ್ಟು ಕೇಳಿಸುತ್ತೆ?”

ಆ ಮುಖದಲ್ಲಿ ಅಯ್ಯೋ ಪಾಪ ಇರಲಿಲ್ಲ. ತಿಳಿದುಕೊಳ್ಳುವ ಆಸೆ ಇತ್ತು. ಬಹುಶಃ ಅದಕ್ಕೇ ಅವಳು ಹೇಳಿದಳು. ಮೊದಲು ಹೋದದ್ದು ಇಂಡಿಕೇಟರಿನ ಟಿಕ್ ಟಿಕ್, ಆಮೇಲೆ ಒಲೆಯ ಮೇಲೆ ನೀರು ಕುದಿಯುವ ಸದ್ದು, ಆಮೇಲೆ ಇಂಜಿನ್ನು. ಜನ ಎದುರು ನಿಂತು ಮಾತಾಡಿದರೆ ತುಟಿ ನೋಡಿ ತಿಳಿಯುತ್ತದೆ. ಹೋದ ತಿಂಗಳು ದಿಬ್ಬದ ರಸ್ತೆಯುದ್ದಕ್ಕೂ ಎರಡನೇ ಗೇರಿನಲ್ಲೇ ಓಡಿಸಿ ಇಂಜಿನ್ನು ಕುದಿಸಿದ್ದಳು. ಚಿಕ್ಕಮ್ಮ ಅದನ್ನು ಅಜಾಗ್ರತೆ ಎಂದುಕೊಂಡು ಬೈದಿದ್ದಳು. ಕೇಳಿಸುವ ಯಂತ್ರ ಹಾಕಿಕೊಂಡು, ಕನ್ನಡಿಗಳ ಮೇಲೆ ಕಣ್ಣಿಟ್ಟು ಓಡಿಸಬಹುದು ಎಂದು ಕಿವಿ ಡಾಕ್ಟರು ಹೇಳಿದ್ದರು. ಕಿವಿಯಲ್ಲಿ ಯಂತ್ರ ಕಂಡರೆ ಚಿಕ್ಕಮ್ಮ ವ್ಯಾನಿನ ಕೀಲಿಯನ್ನು ಕಿತ್ತಿಟ್ಟುಕೊಳ್ಳುತ್ತಾಳೆ ಎಂಬ ಭಯ ಇವಳಿಗೆ.

“ವ್ಯಾನು ಇಲ್ಲದಿದ್ರೆ ನಾನೂ ಆ ಕುಂಡಗಳ ಹಾಗೆ ಇಟ್ಟ ಕಡೆ ಇರ್ಬೇಕಾಗುತ್ತೆ.”

ಅವನು ಕೇಳಿದ, “ಕನಸಲ್ಲಿ ಕೇಳಿಸುತ್ತಾ?”

ಅವಳು ಬೆರಗಾಗಿ ನೋಡಿದಳು. “ಕೇಳಿಸುತ್ತೆ. ಎಲ್ಲಾ ಕೇಳಿಸುತ್ತೆ.”

ಆಗ ಅವನಿಗೆ ತನ್ನದೇ ದುಃಖ ನೆನಪಾಯಿತು. “ಅಂದ್ರೆ ನಿನ್ನೆಯಿಂದ ನನ್ನ ತುಟಿ ನೋಡ್ತಿದ್ದದ್ದು…”

“ಮಾತು ತಿಳ್ಕೊಳ್ಳೋಕೆ.”

“ಓ” ಎಂದು, ಸ್ವಿಚ್ಚು ಸರಿಮಾಡಲು ಸ್ಕ್ರೂಡ್ರೈವರ್ ಎತ್ತಿಕೊಂಡು ಹೊರಟ. ಇಸ್ತ್ರಿ ಅಂಗಿ ಮೈಯನ್ನು ಕಚ್ಚುವಂತಾಯಿತು.

“ಸೀಟಿನ ಕೆಳಗೆ ಬಗ್ಗಿಕೊಂಡು ಅಷ್ಟು ಹೊತ್ತು ಸುಮ್ಮನೆ ಕೆಲಸ ಮಾಡಿದ್ರಲ್ಲ” ಎಂದಳು ಹಿಂದಿನಿಂದ. “ಆಗಲೂ ನಿಮ್ಮನ್ನೇ ನೋಡ್ತಿದ್ದೆ. ಅದು ಯಾಕೆ ಅಂತ ಕೇಳ್ಬೇಡಿ.”

ಸ್ಕ್ರೂಡ್ರೈವರ್ ಅವನ ಕೈ ಜಾರಿತು.

ಅಲ್ಲಿಗೇ ಬಿಟ್ಟಿದ್ದರೆ ಆ ದಿನ ಸಿಹಿಯಾಗಿಯೇ ಮುಗಿಯುತ್ತಿತ್ತು. ಆದರೆ ಮೀಟರು ಸರಿಯಾಗಿ ಓಡತೊಡಗಿದ ಮೇಲೆ ಅವನು ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಟ್ಟ. ಈ ಮುಳ್ಳು ಇಂಜಿನ್ನಿನ ಸುದ್ದಿ ಮಾತ್ರ ಹೇಳುತ್ತದೆ. ಹಿಂದೆ ಬರುವ ಆಂಬುಲೆನ್ಸನ್ನು, ಪಕ್ಕದಲ್ಲಿ ಕೂಗುವ ಸೈಕಲ್ಲಿನವನನ್ನು ಹೇಳುವುದಿಲ್ಲ. ಡಾಕ್ಟರು ಹೇಳಿದಂತೆ ಮಾಡಿ, ಚಿಕ್ಕಮ್ಮನಿಗೆ ತಿಳಿಸಿ ಎಂದ. ಅವಳ ಮುಖ ಬಿಗಿಯಿತು. ನಿಮ್ಮನ್ನು ಕೇಳಿದ್ದು ಮೀಟರಿಗೆ, ಬುದ್ಧಿಮಾತಿಗಲ್ಲ ಎಂದು ಹೇಳಿ, ವ್ಯಾನು ತಿರುಗಿಸಿಕೊಂಡು ಹೋದಳು.

ಆಮೇಲೆ ಬಹಳ ದಿನ ಆ ಬೀದಿಗೆ ಹಸಿರು ವ್ಯಾನು ಬರಲಿಲ್ಲ. ಅವನು ಹೆಡ್‌ಲೈಟಿಗೆ ಹಾರ್ನಿನ ವೈರು ಜೋಡಿಸಿದ. ಊಟಕ್ಕೆ ಕೂತರೆ ಅನ್ನ ತಣ್ಣಗಾಗುತ್ತಿತ್ತು. ಹೇಳಿದ್ದು ಸರಿ ಎಂದು ಗೊತ್ತಿತ್ತು. ಸರಿಯಾದದ್ದು ಹೇಳಿ ಇಷ್ಟು ಸಂಕಟವಾಗುತ್ತದೆ ಎಂದು ಗೊತ್ತಿರಲಿಲ್ಲ. ಒಂದು ಗಿಡ ಬೇಕು ಅಂತಾದರೂ ಹೋಗಿ ಬಾರೋ ಎಂದು ಅಕ್ಕ ಗೊಣಗಿದಳು. ನಾನು ಹೇಳಿದ ಮಾತು ಅವರಿಗೆ ತಟ್ಟುವವರೆಗೆ ಹೋಗಬಾರದು ಅಕ್ಕ ಎಂದು ಅವನು ಅಲ್ಲೇ ಉಳಿದ.

ಒಂದು ಮಧ್ಯಾಹ್ನ ವ್ಯಾನು ಬಂತು.

ಅವಳು ಇಳಿದಳು. ಕೂದಲನ್ನು ಬೇಕೆಂದೇ ಹಿಂದಕ್ಕೆ ಕಟ್ಟಿದ್ದಳು. ಎರಡೂ ಕಿವಿಯ ಹಿಂದೆ ಗೋಡಂಬಿಯ ಗಾತ್ರದ ಯಂತ್ರ. ಚಿಕ್ಕಮ್ಮ ಅತ್ತದ್ದು, ಜಗಳವಾಡಿದ್ದು, ಇಷ್ಟು ದಿನ ಮುಚ್ಚಿಟ್ಟೆಯಲ್ಲ ಎಂದು ಮಾತು ಬಿಟ್ಟದ್ದು, ಕೊನೆಗೆ ತಾನೇ ಕೈಹಿಡಿದು ಡಾಕ್ಟರ ಬಳಿಗೆ ಕರೆದೊಯ್ದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ವ್ಯಾನಿನ ಕೀಲಿ ಮತ್ತೆ ಕೈಗೆ ಬಂದದ್ದು ಇವತ್ತು ಬೆಳಿಗ್ಗೆ.

“ಏನಾದ್ರೂ ಮಾತಾಡಿ” ಎಂದಳು. “ನಿಮ್ಮ ದನಿ ಹೇಗಿದೆ ಅಂತ ನೋಡ್ಬೇಕು.”

ಅವಳು ಮುಖವನ್ನು ಸ್ವಲ್ಪ ಎತ್ತಿ ಕಣ್ಣು ಮುಚ್ಚಿದಳು. ಅವನ ಮಾತನ್ನು ಅವಳು ನೋಡದೆ ಕೇಳಲು ನಿಂತದ್ದು ಅದೇ ಮೊದಲು. ರೆಪ್ಪೆ ಸಣ್ಣಗೆ ಅದುರುತ್ತಿತ್ತು.

“ನೀವು ಬಾರದ ದಿನ ನನ್ನಿಂದ ಒಂದು ವೈರೂ ಸರಿಯಾಗಿ ಸೇರಲ್ಲ” ಎಂದ. “ದಿನಾ ಬನ್ನಿ. ಆಮೇಲೆ, ಹೋಗೋದೇ ಬೇಡ ಅನ್ನೋ ಹಾಗೆ ಬನ್ನಿ. ನನ್ನ ಮದುವೆ ಆಗಿ.”

ಅವಳು ಕಣ್ಣು ತೆರೆದಳು. ತುಟಿಯ ಒಂದು ಕೊನೆ ಮಾತ್ರ ಮೇಲೆದ್ದಿತ್ತು.

“ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ.”

ಅವನು ಇನ್ನೊಂದು ಸಲ ಹೇಳಿದ, ಈ ಸಲ ಇನ್ನೂ ಮೆಲ್ಲಗೆ.

ಅವಳ ಬೆನ್ನ ಹಿಂದಿದ್ದ ಕೌಂಟರಿನಿಂದ ಅಕ್ಕನ ದನಿ ಬಂತು. “ನನಗೆ ಎರಡು ಸಲಾನೂ ಕೇಳಿಸ್ತು. ಹುಡುಗಿ ಹೂಂ ಅಂದ್ರೆ ಟೀ ಇಡ್ತೀನಿ.”

ಅವಳು ತಿರುಗಲಿಲ್ಲ. ಅವನ ಮುಖದಿಂದ ಕಣ್ಣು ಕೀಳದೆ ಹೇಳಿದಳು, “ಇಡಿ ಅಕ್ಕ.”